ನಬೀಸಾಬರ ನಾಲ್ಕು ಟಿಬಿ

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಗಾದಿ ಅಂಗಡಿಯ ನಬೀಸಾಬರಷ್ಟು ನಿರುಪದ್ರವಿ ಮನುಷ್ಯ ಇನ್ನೊಬ್ಬರಿಲ್ಲ ಎಂದು ಹೋದ ಚಳಿಗಾಲದವರೆಗೆ ಎಲ್ಲರೂ ಒಪ್ಪಿಕೊಂಡಿದ್ದರು. ಹತ್ತಿ ಹಿಂಜುವುದು, ಗಾದಿ ತುಂಬುವುದು, ತಲಿಗಿಂಬು ಹೊಲಿಯುವುದು, ಮೂಗಿನಲ್ಲಿ ಹತ್ತಿಯ ನಾರು ಹೋಗಿ ಗಂಟೆಗೊಮ್ಮೆ ಕೆಮ್ಮುವುದು, ಇಷ್ಟೇ ಅವರ ದಿನಚರಿ. ಚಟ ಅಂತ ಇದ್ದದ್ದು ಒಂದೇ. ಮೊಹರಂ ಬಂತೆಂದರೆ ಫೋನು ಹಿಡಿದು ಗಾಡಿ ಏರಿಬಿಡುವರು. ಲಕ್ಕಲಕಟ್ಟಿಯ ಹೆಜ್ಜೆಮೇಳ, ಕರ್ಬಲಾದ ಕಥೆ ಹೇಳುವ ಜಕ್ಕಲಿಯ ರಿವಾಯತ್ ಪದ, ಚಿಕ್ಕನರಗುಂದದ ಮುದುಕರು ಎದುರುಬದುರು ಕೂತು ಹಾಡುವ ಸವಾಲು ಜವಾಬು, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಬರುವರು. ತೀರಿಹೋದ ಹಾಡುಗಾರರ ದನಿ ಕೂಡ ಅವರ ಹತ್ತಿರ ಇತ್ತು. ಇತ್ತು ಎಂದರೆ, ಎಲ್ಲಿತ್ತು ಎನ್ನುವುದು ಅವರಿಗೇ ಗೊತ್ತಿರಲಿಲ್ಲ. ಒಂದಿಷ್ಟು ಸತ್ತ ಫೋನುಗಳಲ್ಲಿ, ಒಂದಿಷ್ಟು ಉಗುರಿನಷ್ಟು ಸಣ್ಣ ಕಾರ್ಡುಗಳಲ್ಲಿ. ಆ ಕಾರ್ಡುಗಳು ಗುಂಡಿ-ಸೂಜಿಗಳ ಡಬ್ಬಿಯಲ್ಲಿ. ಒಮ್ಮೆ ಒಂದು ಕಾರ್ಡು ತಲಿಗಿಂಬಿನೊಳಗೆ ಸೇರಿ, ಹೊಲಿಗೆಯಾಗಿ, ರೋಣಕ್ಕೆ ಮಾರಾಟವಾಗಿಯೂ ಹೋಗಿತ್ತು. ಅಲ್ಲಿ ಯಾರೋ ಪುಣ್ಯಾತ್ಮರು ಒಂದು ವರ್ಷದ ಇಡೀ ಮೊಹರಮ್ಮಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಾರೆ.

ಇಂಥವರ ಮಗಳು ಅಂಜುಮಳಿಗೆ ನರಗುಂದದ ಸಂಬಂಧ ಕೂಡಿಬಂತು. ಹುಡುಗ ಅಯಾಜ, ಅಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ. ಮೆತ್ತನೆಯ ಹುಡುಗ. ಅವನ ತಾಯಿ ಬಾನುಬಿ ಮಾತ್ರ, ತರಕಾರಿಯನ್ನಾಗಲಿ ಮನುಷ್ಯರನ್ನಾಗಲಿ ಅಮುಕಿ ನೋಡದೆ ಆರಿಸುವವಳಲ್ಲ. ನಿಶ್ಚಯದ ದಿನ ಮನೆ ತುಂಬ ಮಂದಿ. ಬಾನುಬಿ ಉಂಗುರ ತೆಗೆದು ಅಂಜುಮಳ ಬೆರಳಿನ ಹತ್ತಿರ ತಂದಳು. ನಬೀಸಾಬರು ಎಲ್ಲರನ್ನೂ ಸರಿಸಿ ಫೋನು ಹಿಡಿದು ಮುಂದೆ ನಿಂತರು.

"ತಡೀರಿ ತಡೀರಿ, ಬೀಗ್ತೇರ!"

ಬಾನುಬಿಯ ಕೈ ಗಾಳಿಯಲ್ಲೇ ನಿಂತಿತು. "ಯಾಕ್ರಿ? ಏನಾತು?"

"ಜಾಗಾ ಇಲ್ರಿ."

"ಎಲ್ಲಿ ಜಾಗಾ ಇಲ್ಲ? ಬೆರಳಿನ್ಯಾಗ?"

"ಫೋನಿನ್ಯಾಗ್ರಿ. ತುಂಬೇತಿ ಅನ್ನಾಕತ್ತೈತಿ. ಒಂದು ಮಿನಿಟ್, ಏನಾರ ಅಳಸ್ತೀನಿ."

ಅಳಿಸುವುದು ಅಷ್ಟು ಸುಲಭವೇ? ಯಾವುದನ್ನು ಅಳಿಸಬೇಕು ಎಂದು ನೋಡಲು ಒಂದೊಂದನ್ನೇ ತೆರೆದರು. ತೆರೆದದ್ದೆಲ್ಲ ಚಲೋ ಅನ್ನಿಸಿತು. ನಿಶ್ಚಯದ ಮನೆಯಲ್ಲಿ ಕರ್ಬಲಾದ ಶೋಕದ ಪದ ದೊಡ್ಡ ದನಿಯಲ್ಲಿ ಕೇಳಿಬಂತು. ಬೀಗರ ಕಡೆಯ ಒಬ್ಬ ಮುದುಕಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಕೈ ನೋವು ಬಂದ ಬಾನುಬಿ ವಿಡಿಯೋ ಗಿಡಿಯೋ ಇಲ್ಲದೆ ಉಂಗುರ ತೊಡಿಸಿ, ಬೀಗರ ಕಡೆ ತಿರುಗಿ ಕೇಳಿದಳು:

"ನಿಕಾದ ದಿನಾ ಖಾಜಿ ಸಾಹೇಬ್ರನ್ನೂ ಹಿಂಗ ನಿಲ್ಲಸ್ತೀರೇನ್ರಿ?"

ಈ ಮಾತು ನಬೀಸಾಬರಿಗೆ ಸೂಜಿಯ ಹಾಗೆ ಚುಚ್ಚಿತು. ಅಯಾಜ ಪಾಪ, ಮಾವನ ಮುಖ ನೋಡಿ ನಡುವೆ ಬಂದ. "ಮಾಮಾ, ಇದಕ್ಕಂತ ಒಂದು ಪೆಟಗಿ ಬರತೈತ್ರಿ. ಒಳಗ ಡಿಸ್ಕ್ ಹಾಕಿ ಮನ್ಯಾಗ ಇಟ್ಟು ವೈಫೈಕ್ಕ ಜೋಡಸ್ತಾರ. ಮನಿ ಮಂದಿ ಫೋನಿನ್ಯಾಗಿಂದೆಲ್ಲಾ ತಾನ ಹೋಗಿ ಅದರಾಗ ಕುಂದರತೈತಿ. ಬೇಕಾದಾಗ ಟಿವ್ಯಾಗ ನೋಡಬಹುದು. ನಾಸ್ ಅಂತಾರ್ರಿ ಅದಕ್ಕ."

"ನಾಶ?" ನಬೀಸಾಬರ ಹೆಂಡತಿ ಕಾಶೀಂಬಿ ಬೆಚ್ಚಿದಳು. "ಶುಭಕಾರ್ಯದಾಗ ಎಂಥಾ ಮಾತಪಾ ಬೇಟಾ!"

ಹೀಗಾಗಿ ಆ ಮನೆಯಲ್ಲಿ ಅದರ ಹೆಸರು 'ಪೆಟಗಿ' ಎಂದೇ ಉಳಿಯಿತು. ನಬೀಸಾಬರು ಎದ್ದು ನಿಂತು, ಚಹಾ ಕುಡಿಯುತ್ತಿದ್ದವರ ಎದುರಿಗೆ ಸಾರಿಬಿಟ್ಟರು: "ಮದುವಿಯೊಳಗ ಅಂಥಾದೊಂದು ಪೆಟಗಿ ತರತೀನಿ. ಇಡೀ ನರಗುಂದ ಬಂದು ಫೋಟೋ ಹೊಡಸ್ಕೊಂಡ್ರೂ ತುಂಬಬಾರದು!"

ಅನರ್ಥಕ್ಕೆ ಕಾರಣವಾದದ್ದು ಈ ಮಾತಲ್ಲ. ಇದನ್ನು ನಡೆಸಿಕೊಡಲು ಅವರು ಮಾಡಿದ ಫೋನು.

ರೋಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮುನಾವರನಿಗೆ ನಬೀಸಾಬರು ಮರುದಿನ ಮುಂಜಾನೆ ಫೋನು ಹಚ್ಚಿದರು. ಮನೆಗೇ ಸೇರಿದ ಗಾದಿ ಅಂಗಡಿಯ ಗೋಡೆಗೆ ಅಂಟಿಕೊಂಡೇ ಸಿದ್ದಲಿಂಗನ ಹಿಟ್ಟಿನ ಗಿರಣಿ. ಅದು ನಡೆಯುವಾಗ ಫೋನಿನಲ್ಲಿ ಮಾತಾಡಬೇಕೆಂದರೆ ಗಂಟಲು ಹರಿಯುವಂತೆ ಕೂಗಬೇಕು. ನಬೀಸಾಬರಿಗೆ ಅದು ರೂಢಿಯಾಗಿತ್ತು.

"ಎಷ್ಟು ಟಿಬಿ ಬೇಕ್ರಿ ಚಾಚಾ?" ಮುನಾವರ ಕೇಳಿದ.

"ಟಿಬಿ ಅಂದ್ರ?"

"ಜಾಗಾದ ಲೆಕ್ಕರಿ. ನಿಮ್ಮ ಫೋನಿಗೆ ಜಿಬಿ ಅಂತೀವಲ್ರಿ, ಪೆಟಗಿಗೆ ಟಿಬಿ. ಒಂದು ಟಿಬಿ ಅಂದ್ರ ಸಾವಿರ ಜಿಬಿ."

ಅದೇ ಹೊತ್ತಿಗೆ ಗೋಡೆಯಾಚೆ ಸಿದ್ದಲಿಂಗ ಜೋಳದಲ್ಲಿ ಹರಳು ಬಂತೆಂದು ಗಿರಣಿ ಬಂದ್ ಮಾಡಿದ. ಮೋಟರು ನಿಂತಿತು. ನಬೀಸಾಬರ ದನಿ ನಿಲ್ಲಲಿಲ್ಲ.

"ಹಂಗಾರ ನಮ್ಮ ಮನ್ಯಾಗ ನಾಲ್ಕು ಟಿಬಿ! ಹೌದೌದು, ನನ್ನದ ಹೆಚ್ಚು, ಭಾಳ ವರ್ಷದಿಂದ ಐತಿ. ಹೆಂಡತೀದೂ ಮಗಳದೂ ಕೂಡಿದ್ರ ನಾಲ್ಕು!"

ಎರಡು ಡಿಸ್ಕ್ ಹಾಕಿದರೆ ಒಂದರಲ್ಲಿ ಇದ್ದದ್ದೆಲ್ಲ ಇನ್ನೊಂದರಲ್ಲೂ ತಾನಾಗಿ ಕೂಡುತ್ತದೆ, ಒಂದು ಕೆಟ್ಟರೂ ಚಿಂತೆಯಿಲ್ಲ ಎಂದು ಮುನಾವರ ಬಿಡಿಸಿ ಹೇಳಿದ.

"ಒಂದರಾಗಿಂದು ಇನ್ನೊಂದಕ್ಕ ತಾನ ಹತ್ತತೈತಿ? ಯಾರೂ ಏನೂ ಮಾಡೋದ ಬ್ಯಾಡ? ಶಾಬಾಸ್! ಒಂದು ಸತ್ತರ ಇನ್ನೊಂದು ಇರತೈತಿ, ಬರೋಬ್ಬರಿ ಐತಿ!"

ಮನೆಗೆ ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ, ಒಂದು ಪ್ರತಿ ಬೇರೆ ಊರಲ್ಲಿಡುವುದು ಉತ್ತಮ ಎಂದು ಮುನಾವರ ಎಚ್ಚರಿಸಿದ.

"ಅದಕ್ಕೇನು! ಮದುವಿ ಆದ ಮ್ಯಾಲ ಮಗಳ ಜೋಡಿ ಒಂದು ಟಿಬಿ ನರಗುಂದಕ್ಕ ಕಳಸತೀನಿ. ಬೀಗರಿಗೆ ಈಗ ಹೇಳಂಗಿಲ್ಲ. ಹೋದ ಮ್ಯಾಲ ತಾನ ಗೊತ್ತಾಗಲಿ!"

ಇಷ್ಟು ಕೂಗಿದ ಗಂಟಲಿಗೆ ಹತ್ತಿಯ ನಾರು ಸಿಕ್ಕಿತು. ನಬೀಸಾಬರು ಕೆಮ್ಮಿದರು. ಸಣ್ಣ ಕೆಮ್ಮಲ್ಲ. ಗೋಡೆಗೆ ತೂಗುಹಾಕಿದ ತಲಿಗಿಂಬುಗಳು ಅಲುಗಾಡುವಂಥ ಕೆಮ್ಮು.

ಗೋಡೆಯಾಚೆ ಸಿದ್ದಲಿಂಗ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಒತ್ತಲು ಮರೆತಿದ್ದ. ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಿದ್ದಲಿಂಗ ಸುಳ್ಳು ಹೇಳುವ ಮನುಷ್ಯನಲ್ಲ. ಕೇಳಿದ್ದನ್ನೇ ಹೇಳಿದ, ಒಂದಕ್ಷರ ಸೇರಿಸಲಿಲ್ಲ. ಹೇಳುವಾಗ ದನಿ ಮಾತ್ರ ಸಣ್ಣದು ಮಾಡಿದ. ಕೆಲಸ ಕೆಡಿಸಿದ್ದು ಆ ಸಣ್ಣ ದನಿ.

ಮೊದಲು ಬಂದವನು ಲಕ್ಕಲಕಟ್ಟಿಯ ಕರೆಪ್ಪ. ವಾರದ ಹಿಂದೆ ಒಯ್ದ ಗಾದಿಯನ್ನು ಸುರುಳಿ ಸುತ್ತಿ ಗಾಡಿಗೆ ಕಟ್ಟಿಕೊಂಡು ಬಂದಿದ್ದ. ಮೂಗು ಬಾಯಿ ಮುಚ್ಚುವಂತೆ ಟಾವೆಲ್ ಸುತ್ತಿಕೊಂಡಿದ್ದ. ಅಂಗಡಿಯ ಮೆಟ್ಟಿಲು ಹತ್ತಲೇ ಇಲ್ಲ.

"ಯಾಕಪಾ ಕರೆಪ್ಪ, ಹತ್ತಿ ಕಡಿಮಿ ಬಿತ್ತೇನು?"

"ಇಲ್ರಿ, ಹತ್ತಿ ಚಲೋ ಐತ್ರಿ. ನೆಲದ ಮ್ಯಾಲ ಮಲಗಿದ್ರ ಬೆನ್ನಿಗೆ ಚಲೋ ಅಂತ ಈಗ ಗೊತ್ತಾತ್ರಿ." ಕರೆಪ್ಪ ಗಾದಿಯನ್ನು ದೂರದಿಂದಲೇ ಉರುಳಿಸಿ ಬಿಟ್ಟ. ಆಮೇಲೆ ತಡೆಯಲಾರದೆ ಕೇಳಿದ. "ನಾಲ್ಕಂತಲ್ರಿ, ಖರೇ?"

ನಬೀಸಾಬರ ಎದೆ ಉಬ್ಬಿತು. "ನಿನಗ್ಯಾರು ಹೇಳಿದ್ರು?"

"ಎಲ್ಲಾರಿಗೂ ಗೊತ್ತೈತ್ರಿ."

"ಹೂಂ, ನಾಲ್ಕು. ಎಂಟು ಮಾಡೋಣಂತ ನನ್ನ ಮನಸಿನ್ಯಾಗಿತ್ತು. ಮನ್ಯಾಕಿ ಬ್ಯಾಡಂದ್ಳು."

ಕರೆಪ್ಪನ ಕಣ್ಣಲ್ಲಿ ನೀರು ಬಂತು. "ಇಂಥಾದ್ರಾಗೂ ನಗಾಕತ್ತೀರಲ್ರಿ. ನಿಮ್ಮ ಧೈರ್ಯ ಮೆಚ್ಚಬೇಕು."

"ಇದರಾಗ ಧೈರ್ಯದ ಮಾತೇನು ಬಂತೋ? ಹುಬ್ಬಳ್ಳ್ಯಾಗ ಒಬ್ಬೊಬ್ಬರ ಮನ್ಯಾಗ ಹದಿನಾರು ಇರತಾವಂತ. ಅವರೇನು ಅಳತಾರೇನು?"

ಕರೆಪ್ಪ ಕೈ ಮುಗಿದು ಗಾಡಿ ಚಾಲೂ ಮಾಡಿದ. ಹುಬ್ಬಳ್ಳಿಯ ಕಡೆಗೆ ಇನ್ನೆಂದೂ ಹೋಗಬಾರದು ಎಂದುಕೊಂಡಿರಬೇಕು.

ಎರಡನೆಯವಳಾಗಿ ಬಂದದ್ದು ಆಶಾ ಕಾರ್ಯಕರ್ತೆ ಪುಷ್ಪಾವತಿ. ಒಳ್ಳೆಯ ಹೆಣ್ಣುಮಗಳು. ಓಣಿಯ ಪ್ರತಿ ಕೂಸಿನ ತೂಕವೂ ಅವಳ ಬಾಯಲ್ಲಿರುತ್ತದೆ. ಕಟ್ಟೆಯ ತುದಿಗೆ ಕುಳಿತು ಮೆಲ್ಲಗೆ ಮಾತು ತೆಗೆದಳು.

"ಕಾಕಾ, ಮುಚ್ಚಿಡಬಾರದ್ರಿ ಇಂಥಾದು. ಈಗಿನ ಕಾಲದಾಗ ನಾಚಿಗಿ ಪಡೋದೇನೂ ಇಲ್ಲ."

"ಮುಚ್ಚಿಟ್ಟೇನೇನವಾ? ಊರಿಗೆಲ್ಲಾ ಕೇಳೂಹಂಗ ಹೇಳೇನಿ."

"ಮನ್ಯಾಗ ಎಷ್ಟು ಮಂದಿಗೆ ಐತ್ರಿ?"

"ಎಲ್ಲಾರಿಗೂ ಕೂಡೇ ಒಂದ. ನಾನು, ನಿಮ್ಮ ಕಾಕಿ, ಅಂಜುಮ. ಮೂರೂ ಮಂದಿಗೆ ಹಂಚಿ ಹೋಗತೈತಿ. ಅಳಿಯಾನೂ ನರಗುಂದದಿಂದ ತಗೋಬಹುದಂತ."

ಪುಷ್ಪಾವತಿ ಚೀಲದಿಂದ ಮಾಸ್ಕು ತೆಗೆದು ಹಾಕಿಕೊಂಡಳು. "ಹ್ಯಾಂಗ ಹರಡತೈತಿ ಅನ್ನೋದು ಗೊತ್ತೈತೇನ್ರಿ ನಿಮಗ?"

"ಗೊತ್ತಿಲ್ಲದ ಏನು? ವಾಯರ್ ಗೀಯರ್ ಏನೂ ಬೇಕಾಗಿಲ್ಲ, ಗಾಳ್ಯಾಗ ಹೋಗತೈತಿ. ಜೋರ್ ಇದ್ರ ಗೋಡಿ ದಾಟಿ ಬಾಜೂಕಿನ ಸಿದ್ಲಿಂಗನ ಮನಿಗೂ ಮುಟ್ಟತೈತಿ. ಬೇಕಾದ್ರ ನಿನಗೂ ಕೊಡಸ್ತೀನವಾ. ಎಲ್ಲಾರಿಗೂ ಉಪಯೋಗ ಆಗಲಿ."

ಪುಷ್ಪಾವತಿ ಹನ್ನೆರಡು ವರ್ಷದಿಂದ ಆ ಕೆಲಸದಲ್ಲಿದ್ದಳು. ರೋಗ ಮುಚ್ಚಿಡುವವರನ್ನು ನೋಡಿದ್ದಳು, ಗುಳಿಗೆ ಗಟಾರಕ್ಕೆ ಎಸೆಯುವವರನ್ನು ನೋಡಿದ್ದಳು. ಓಣಿಗೆಲ್ಲ ಹಂಚುತ್ತೇನೆ ಎನ್ನುವವರನ್ನು ಇದೇ ಮೊದಲು ನೋಡಿದ್ದು. ಅವಳು ಅಲ್ಲಿಂದಲೇ ಮೇಲಿನವರಿಗೆ ಫೋನು ಮಾಡಿದಳು.

ಆ ಮೇಲೆ ಗಾದಿಗಳು ಬರತೊಡಗಿದವು. ಗಾಡಿಯ ಮೇಲೆ, ಆಟೋದಲ್ಲಿ, ತಲೆಯ ಮೇಲೆ. ಕೆಲವರು ಹೇಳಿ ಇಟ್ಟು ಹೋದರು, ಕೆಲವರು ನೋಡುವವರಿಲ್ಲದಾಗ ಬಾಗಿಲ ಹತ್ತಿರ ಬಿಟ್ಟು ಹೋದರು. ನಬೀಸಾಬರ ಮದುವೆಯ ಕಾಲದಲ್ಲಿ ಹೊಲಿದ ಗಾದಿಯೊಂದು, ಈಗ ಮೊಮ್ಮಕ್ಕಳು ಮಲಗಿ ಹಳ್ಳ ಬಿದ್ದದ್ದು, ಅದೂ ವಾಪಸು ಬಂತು. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲದೆ ನಬೀಸಾಬರು ಗಾದಿಯ ಗುಡ್ಡದ ಮೇಲೆ ಕುಳಿತು ಯೋಚಿಸಿದರು. ಪೇಟೆಯಲ್ಲಿ ಯಾರೋ ಫೋಮಿನ ಗಾದಿ ಅಗ್ಗ ಮಾಡಿರಬೇಕು ಎಂದು ತೀರ್ಮಾನಿಸಿದರು.

ಕಾಶೀಂಬಿಗೆ ಮಾತ್ರ ಏನೋ ವಾಸನೆ ಹೊಡೆದಿತ್ತು. ಹಾಲಿನವಳು ಪಾತ್ರೆಗೆ ತಾಗದಂತೆ ಮೇಲಿಂದ ಹಾಲು ಸುರಿಯುತ್ತಿದ್ದಳು. ಕಿರಾಣಿಯವನು ಚಿಲ್ಲರೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಕೊನೆಗೆ ನರಗುಂದದಿಂದ ಬಾನುಬಿಯ ಫೋನು ಬಂತು.

"ನಮಗೊಂದು ಮಾತು ಹೇಳಬಾರದಾಗಿತ್ತೇನ್ರಿ ಬೀಗ್ತೇರ? ಮಗಳ ಜೋಡಿ ಒಂದು ನಮಗೂ ಕಳಸವರಿದ್ರಂತಲ್ಲ? ಹೋದ ಮ್ಯಾಲ ಗೊತ್ತಾಗಲಿ ಅಂದ್ರಂತಲ್ಲ?"

"ಏನು ಕಳಸೋದ್ರಿ?"

"ಟಿಬಿ! ಮನಿ ಮಂದಿಗೆಲ್ಲಾ ಹತ್ತೇತಂತ. ನಿಮ್ಮವ್ರಂತೂ ಹರಕೊಂಡ ಕೆಮ್ಮತಾರಂತ. ನಾಳೆ ಬರತೀನಿ. ಕುಂತು ಮಾತಾಡಿ ತೀರಿಸಿಬಿಡೋಣು."

ಕಾಶೀಂಬಿ ಫೋನು ಇಟ್ಟಳು. ಹಿಂಜುವ ಕೋಣೆಗೆ ಹೋದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಗಂಡನಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅದರಲ್ಲಿ ಟಿಬಿಯ ಪಾಲು ಸ್ವಲ್ಪವೇ ಇತ್ತು. ಆದರೂ ನಬೀಸಾಬರಿಗೆ ಅರ್ಥವಾಯಿತು. ಮೈಮೇಲಿನ ಹತ್ತಿ ಕೊಡವದೆ ಹಾಗೆಯೇ ಓಣಿಗೆ ಓಡಿದರು. ಗಿರಣಿಯ ಮುಂದೆ ನಿಂತು ಕೂಗಿದರು:

"ಕೇಳ್ರಪಾ ಎಲ್ಲಾರೂ! ನನಗ ಟಿಬಿ ಇಲ್ಲ! ನಮ್ಮ ಮನಿಗೆ ಟಿಬಿ ಇನ್ನೂ ಬಂದ ಇಲ್ಲ! ಬರೋದು ಮುಂದಿನ ವಾರ!"

ಮತ್ತೆ ಕೆಮ್ಮು ಬಂತು.

ಸಿದ್ದಲಿಂಗ ಹೊರಗೆ ಬಂದು, ಎರಡು ಮಾರು ದೂರ ನಿಂತು, ಕಕ್ಕುಲಾತಿಯಿಂದ ಹೇಳಿದ. "ನಬೀ, ತಲಿಗೂ ಏರೇತಂತ ಕಾಣತೈತಿ. ಒಳಗ ಹೋಗಿ ಮಲಕ್ಕೊ ಹೋಗಪಾ."

ಮರುದಿನ ನಬೀಸಾಬರ ಅಂಗಳದಲ್ಲಿ ಕಲೆತವರನ್ನು ನೋಡಿದರೆ ಮದುವೆ ಆ ದಿನವೇ ಇರಬೇಕು ಅನ್ನಿಸುತ್ತಿತ್ತು. ಆರೋಗ್ಯ ಇಲಾಖೆಯ ಕನಕರಾಜ ಸಾಹೇಬರು ಜೀಪಿನಿಂದ ಇಳಿದರು. ಹಿಂದೆ ಕಫದ ಡಬ್ಬಿಗಳ ಚೀಲ ಹಿಡಿದ ಪುಷ್ಪಾವತಿ. ಗೋಡೆಯ ಗುಂಟ ಓಣಿಯ ಮಂದಿ. ಅಷ್ಟರಲ್ಲಿ ಬಾನುಬಿ ಬಂದಳು. ಏನು, ಯಾಕೆ ಎಂದು ಹೇಳದೆ ಮಗ ಅಯಾಜನನ್ನು ಗಾಡಿ ಹೊಡೆಯಲಿಕ್ಕೆಂದು ಕರಕೊಂಡು ಬಂದಿದ್ದಳು.

ಕನಕರಾಜ ಸಾಹೇಬರು ಪೆನ್ನು ತೆಗೆದರು. "ಎಷ್ಟು ದಿನದಿಂದ ಕೆಮ್ಮು ಐತ್ರಿ?"

"ಅಂಗಡಿ ತಗದಾಗಿಂದ್ರಿ. ಸಾಹೇಬ್ರ, ನನ್ನ ಮಾತು ಕೇಳ್ರಿ, ಇದು ಆ ಟಿಬಿ ಅಲ್ರಿ."

"ಎಲ್ಲಾರೂ ಹಂಗ ಅಂತಾರ್ರಿ."

"ಅಲ್ರಿ, ಇದು ಪೆಟಗಿ ಒಳಗ ಇರತೈತ್ರಿ."

"ಪೆಟಗಿ ಅಂದ್ರ?" ಸಾಹೇಬರು ಎದೆಯನ್ನು ತೋರಿಸಿ ಕೇಳಿದರು. "ಇದ?"

ಆಗ ಅಯಾಜ ಗಾಡಿ ನಿಲ್ಲಿಸಿ ಒಳಗೆ ಬಂದ. ಇಷ್ಟು ಮಂದಿ ಯಾಕೆ ಕೂಡಿದ್ದಾರೆ ಎಂದು ತಿಳಿಯದೆ, ಮಾವನನ್ನು ನೋಡಿ ಪ್ರೀತಿಯಿಂದ ಕೇಳಿದ.

"ಮಾಮಾ, ನಾಲ್ಕ ಟಿಬಿ ಸಾಕೇನ್ರಿ? ಎಂಟು ತಗೋರಿ ಅಂದಿದ್ನಲ್ಲಾ. ಮದುವಿ ಒಂದರಾಗ ನಾಲ್ಕೂ ಮುಗದು ಹೋಗತಾವ."

ಬಾನುಬಿ ಹಣೆ ಹಿಡಿದು ಅಲ್ಲೇ ಇದ್ದ ಗಾದಿಯ ಮೇಲೆ ಕುಸಿದಳು. ಅದು ವಾಪಸು ಬಂದ ಗಾದಿ ಎಂದು ನೆನಪಾಗಿ ತಟ್ಟನೆ ಎದ್ದಳು. ಓಣಿಯ ಮಂದಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಅಯಾಜನಿಗೆ ಸಂಗತಿ ತಿಳಿದಾಗ ಅವನು ನಗಲಿಲ್ಲ. ಅದು ಅವನ ದೊಡ್ಡಗುಣ. ಫೋನು ತೆಗೆದು ಕರಿ ಬಣ್ಣದ ಪುಟ್ಟ ಪೆಟ್ಟಿಗೆಯ ಚಿತ್ರ ತೋರಿಸಿದ. "ಸರ್, ಟಿಬಿ ಅಂದ್ರ ಟೆರಾಬೈಟ್ರಿ."

"ಬೈಟ್?" ಕನಕರಾಜ ಸಾಹೇಬರು ಕನ್ನಡಕ ಏರಿಸಿದರು. "ನಾಯಿ ಕಡದೇತೇನ್ರಿ ಇವರಿಗೆ? ಅದಕ್ಕ ಬ್ಯಾರೆ ಇಂಜೆಕ್ಷನ್ ಐತಿ. ಮೊದಲ ಹೇಳಬೇಕಲ್ರಿ."

"ನಾಯಿ ಅಲ್ರಿ ಸರ್! ಫೋಟೋ, ವಿಡಿಯೋ ಇಡೂ ಜಾಗಾದ ಲೆಕ್ಕ. ಕಾಲೇಜಿನ್ಯಾಗ ನಮ್ಮ ಕಡೆ ಐವತ್ತು ಟಿಬಿ ಅದಾವು."

"ಐವತ್ತು!" ಎಂದಳೊಬ್ಬ ಮುದುಕಿ, ಗೋಡೆಯ ಹತ್ತಿರದಿಂದ. "ಸಾಲಿ ಹುಡುಗರಿಗೂ ಬಿಟ್ಟಿಲ್ಲ ನೋಡವಾ."

ಅರ್ಧ ತಾಸು ಹಿಡಿಯಿತು. ಕೊನೆಗೆ ಅರ್ಥ ಮಾಡಿಕೊಂಡವಳು ಬಾನುಬಿ ಒಬ್ಬಳೇ. ಅವಳು ಅರ್ಥ ಮಾಡಿಕೊಂಡದ್ದು ಇಷ್ಟು: ಬೀಗರಿಗೆ ರೋಗವಿಲ್ಲ, ಇರುವುದು ಹುಚ್ಚು. ಹುಚ್ಚಿಗೆ ನಿಶ್ಚಯ ಮುರಿಯುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ. "ಒಂದು ಚಹಾ ಕೊಡ್ರಿ ಬೀಗ್ತೇರ," ಎಂದು ಕಾಶೀಂಬಿಯ ಹತ್ತಿರ ಕುಳಿತಳು. ಅಂಜುಮ ಬಾಗಿಲ ಹಿಂದೆ ಬಿಟ್ಟ ಉಸಿರು ಅಂಗಳಕ್ಕೆಲ್ಲ ಕೇಳಿಸಿತು.

ಕನಕರಾಜ ಸಾಹೇಬರು ಮಾತ್ರ ಏಳಲಿಲ್ಲ. "ಯಾವ ಟಿಬಿನರ ಇರ್ಲಿ. ಜೀಪು ಇಲ್ಲಿತನಕ ಬಂದೇತಿ. ನಿಮಗ ಕೆಮ್ಮು ಅಂತೂ ಐತಿ. ಕಫ ಕೊಡ್ರಿ, ಎದಿ ಫೋಟೋ ತಗಸ್ರಿ. ಓಣಿಯವರದೂ ನೋಡಿಬಿಡತೀವಿ."

ಓಣಿಯವರು ಹಿಂದೆಮುಂದೆ ನೋಡಿದರು. ಆಗ ಮುಂದೆ ಬಂದವನು ಸಿದ್ದಲಿಂಗ. "ಅಂಜತೀರೇನ್ರೋ? ನನ್ನದು ಮೊದಲ ತಗೋರಿ ಸಾಹೇಬ್ರ. ಇಂಥಾದ್ರಾಗ ನಾವು ಹಿರ್ಯಾರು ಧೈರ್ಯ ತೋರಸಬೇಕು." ಅವನು ಡಬ್ಬಿ ಹಿಡಿದು ಹಿತ್ತಿಲಿಗೆ ಹೋದ ಠೀವಿ ನೋಡಿ ಉಳಿದವರೂ ಸಾಲು ಹಚ್ಚಿದರು.

ರಿಪೋರ್ಟು ಬರುವುದರೊಳಗೆ ನಬೀಸಾಬರು ಅಳಿಯನ ಜೊತೆ ರೋಣಕ್ಕೆ ಹೋಗಿ ಪೆಟ್ಟಿಗೆಯ ವ್ಯವಹಾರ ಮುಗಿಸಬೇಕೆಂದರು. ಅಲ್ಲಿಯೂ ಸುಖವಿಲ್ಲ. ಮುನಾವರನ ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು.

"ಏನು ಕೊಡ್ಲ್ರಿ ಚಾಚಾ? ಎಷ್ಟು ಟಿ..."

"ಹೆಸರು ಹೇಳಬ್ಯಾಡ!" ನಬೀಸಾಬರು ಅವನ ಬಾಯಿ ಮುಚ್ಚಿಯೇ ಬಿಟ್ಟರು. ಸುತ್ತ ನೋಡಿ, ಬಗ್ಗಿ, ಕಿವಿಯಲ್ಲಿ ಹೇಳಿದರು. "ಅದ... ಎರಡು ಖಾನೆದ್ದು... ಒಳಗ ನಾಲ್ಕು-ನಾಲ್ಕು ಹಾಕು. ಕರಿ ಚೀಲದಾಗ ಸುತ್ತಿ ಕೊಡು."

ಗಿರಾಕಿಗಳಲ್ಲಿ ಒಬ್ಬ ಹಿರಿಯರು ಎದ್ದು, "ಈ ವಯಸ್ಸಿನ್ಯಾಗ ನಿಮಗಿದು ಶೋಭಸ್ತೈತೇನ್ರಿ? ಅದೂ ಅಳಿಯನ್ನ ಕರಕೊಂಡು," ಎಂದು ಹೊರಟುಹೋದರು. ಯಾವುದಕ್ಕೆ ಹಾಗೆಂದರೋ ಅವರಿಗೇ ಗೊತ್ತು.

ಪೆಟ್ಟಿಗೆ ಮನೆಗೆ ಬಂತು. ಅಯಾಜ ಜೋಡಿಸಿದ, ಹಸಿರು ದೀಪ ಹತ್ತಿತು. ಗುಂಡಿ ಡಬ್ಬಿಯ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ತಿನ್ನಿಸಿದರು. ಚಿಕ್ಕನರಗುಂದದ ಮುದುಕರು ಟಿವಿಯಲ್ಲಿ ಹಾಡಿದರು. ಕಾಶೀಂಬಿ ಕೂಡ ಒಂದು ಪದ ಪೂರ್ತಿ ಕೇಳಿದಳು. ಆದರೆ ನಬೀಸಾಬರಿಗೆ ಕೂತು ಕೇಳುವ ಮನಸ್ಸಿರಲಿಲ್ಲ. ಅವರ ಕಣ್ಣು ರಿಪೋರ್ಟಿನ ಮೇಲಿತ್ತು.

ರಿಪೋರ್ಟು ಬಂತು. ನಬೀಸಾಬರ ಎದೆ ಸಾಫ್. ಕಾಶೀಂಬಿಯದು, ಅಂಜುಮಳದು ಸಾಫ್. ಹತ್ತಿ ನಾರಿಗೆ ಬಾಯಿಗೊಂದು ಬಟ್ಟೆ ಕಟ್ಟಿಕೊಳ್ಳಿ ಎಂದಷ್ಟೇ ಹೇಳಿ ಕನಕರಾಜ ಸಾಹೇಬರು ಚೀಲ ಎತ್ತಿದರು.

"ಸಾಹೇಬ್ರ, ಹಂಗ ಹೋಗಬ್ಯಾಡ್ರಿ! ಓಣ್ಯಾಗ ನಿಂತು ಒಂದು ಮಾತು ಸಾರಿ ಹೋಗ್ರಿ, ನಬೀಸಾಬಗ ಏನೂ ಇಲ್ಲಂತ."

"ಬರಂಗಿಲ್ರಿ. ಯಾರಿಗೆ ಐತಿ ಅಂತನೂ ಹೇಳಂಗಿಲ್ಲ, ಯಾರಿಗೆ ಇಲ್ಲಂತನೂ ಹೇಳಂಗಿಲ್ಲ. ಇಲ್ಲದವರನ್ನೆಲ್ಲಾ ಹೇಳಿಬಿಟ್ರ ಉಳದಾಂವ ಯಾರಂತ ಗೊತ್ತಾಗತೈತಿ."

"ಉಳದಾಂವ ಅಂದ್ರ?"

ಸಾಹೇಬರು ಚೀಲದ ಚೈನು ಎಳೆದರು, ಮಾತು ಮುಗಿಯಿತು.

ಇರಲಿ, ತಾವೇ ಸಾರಿಕೊಂಡರಾಯಿತು ಎಂದು ನಬೀಸಾಬರು ಆ ರಿಪೋರ್ಟನ್ನು ದೊಡ್ಡದು ಮಾಡಿಸಿದರು. ಪ್ಲಾಸ್ಟಿಕ್ ಹಾಕಿಸಿದರು. ಅಂಗಡಿಯ ಬಾಗಿಲಿಗೊಂದು, ಮನೆಯ ಬಾಗಿಲಿಗೊಂದು, ಗಾಡಿಯ ಮುಂದೊಂದು ಹಚ್ಚಬೇಕೆಂದು ಸುತ್ತಿಗೆ ಹಿಡಿದು ಮೊಳೆ ಹುಡುಕುತ್ತಿದ್ದರು. ಹೊತ್ತು ಮುಳುಗುವ ಸಮಯ. ಹಿತ್ತಿಲ ಬಾಗಿಲು ಯಾರೋ ಮೆಲ್ಲಗೆ ಬಡಿದರು.

ಸಿದ್ದಲಿಂಗ ನಿಂತಿದ್ದ. ಮೈಮೇಲೆ ಹಿಟ್ಟು, ಮೂಗಿಗೆ ಮಾಸ್ಕು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕುಳಿತ.

"ನಬೀ. ನನಗ ಐತಂತೋ."

ನಬೀಸಾಬರ ಕೈಯ ಸುತ್ತಿಗೆ ಹಾಗೆಯೇ ನಿಂತಿತು. "ಏನು ಐತಿ?"

"ಅದ. ನಿನ್ನ ಕಡೆ ನಾಲ್ಕಿದ್ದುವಲ್ಲ, ಅದು."

"ನನ್ನ ಕಡೆ ಇದ್ದದ್ದು ಅದಲ್ಲೋ ಮಾರಾಯಾ! ಎಷ್ಟು ಸಲ ಹೇಳಬೇಕು ನಿನಗ!"

"ಗೊತ್ತಾತು ಬಿಡು ಈಗ." ಸಿದ್ದಲಿಂಗ ನೆಲ ನೋಡಿದ. "ಕೆಮ್ಮು ಎರಡು ತಿಂಗಳಿಂದ ಇತ್ತು. ಹಿಟ್ಟಿನ ಧೂಳು ಅಂತ ಬಿಟ್ಟಿದ್ದೆ. ಈಗ ಸಿಕ್ಕಿದ್ದು ಚಲೋ ಆತಂತ, ಆರು ತಿಂಗಳು ಗುಳಿಗಿ ನುಂಗಿದ್ರ ಪೂರ್ತಿ ಹೋಗತೈತಂತ. ಮನಿ ಮಂದಿದೂ ನೋಡ್ಯಾರ, ಯಾರಿಗೂ ಇಲ್ಲ. ಎರಡು ವಾರ ಗಿರಣಿಗೆ ಬರಬ್ಯಾಡ ಅಂದಾರ, ಮೋಟರ್ ಸುಟ್ಟೇತಂತ ಬೋರ್ಡ್ ಹಾಕತೀನಿ. ಆಮ್ಯಾಲ ಯಾರಿಗೂ ಹತ್ತಂಗಿಲ್ಲಂತ. ಅದು ಡಾಕ್ಟರಿಗೆ ಗೊತ್ತು, ನನಗ ಗೊತ್ತು. ಓಣಿಗೆ ಗೊತ್ತಾಗತೈತೇನು? ಹಿಟ್ಟಿನ ಗಿರಣ್ಯಾಂವಗ ಟಿಬಿ ಅಂದ್ರ ಯಾರು ಜೋಳಾ ತರತಾರ?"

ನಬೀಸಾಬರು ಹಿಂತಿರುಗಿ ನೋಡಿದರು. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಹಿಂದೆ ಗಾದಿಯ ಗುಡ್ಡ ಇತ್ತು.

"ಅದಕ್ಕ ಒಂದು ಕೇಳಾಕ ಬಂದೇನಿ," ಎಂದ ಸಿದ್ದಲಿಂಗ. "ಪುಷ್ಪಾ ದಿನಾ ಬಂದು ಕಣ್ಣೆದುರಿಗೆ ಗುಳಿಗಿ ನುಂಗಸ್ತಾಳಂತ. ಅದಕ್ಕಂತ ನನ್ನ ಗಿರಣಿ ಮೆಟ್ಟಿಲ ಹತ್ತಿದ್ರ ಎಲ್ಲಾರೂ ತಿಳಕೊಂತಾರ. ನಿಮ್ಮ ಮನಿಗೆ ಹೆಂಗೂ ಬರತಾಳ ಅಂತ ಎಲ್ಲಾರಿಗೂ ಗೊತ್ತೈತಿ. ಗುಳಿಗಿ ಇಲ್ಲಿಗೆ ಬರಲಿ. ನಾ ಇಲ್ಲೇ ಬಂದು ನುಂಗತೀನಿ. ನಿನಗ ಐತಿ ಅಂತನ ಇರ್ಲಿ. ಹೆಂಗೂ ಎಲ್ಲಾರೂ ನಂಬ್ಯಾರ."

"ಸಿದ್ಲಿಂಗಾ!" ನಬೀಸಾಬರ ದನಿ ಏರಿತು. "ಇದನ್ನ ಊರ ತುಂಬ ಹೇಳಿದಾಂವ ನೀನು! ಗಾದಿ ವಾಪಸ್ ಬಂದುವು. ಮಗಳ ನಿಶ್ಚಯ ಮುರೀತಿತ್ತು. ಈಗ ಸಾಫ್ ಅಂತ ರಿಪೋರ್ಟ್ ಬಂದೈತಿ, ಮೊಳಿ ಹೊಡ್ಯಾಕ ನಿಂತೇನಿ, ಈಗ ಬಂದು..."

"ನಿನ್ನ ಗಾದಿ ಹೆಂಗೂ ವಾಪಸ್ ಬಂದಾವು. ನನ್ನ ಗಿರಣಿ ಇನ್ನೂ ನಡದೈತಿ. ಇಬ್ಬರದೂ ಯಾಕ ಮುಳುಗಬೇಕು ಅಂತ ನನ್ನ ಲೆಕ್ಕ."

ನಬೀಸಾಬರು ಸುತ್ತಿಗೆ ಎತ್ತಿದರು. ಎಲ್ಲಿಗೆ ಹೊಡೆಯುತ್ತಾರೋ ಎಂದು ಸಿದ್ದಲಿಂಗ ಕೂಡ ಒಂದು ಗಳಿಗೆ ಅನುಮಾನಿಸಿದ. ಒಳಗಿನಿಂದ ಕಾಶೀಂಬಿ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಗಂಡನ ಕೈಯಿಂದ ಸುತ್ತಿಗೆಯನ್ನೂ ಪ್ಲಾಸ್ಟಿಕ್ಕಿನ ರಿಪೋರ್ಟುಗಳನ್ನೂ ತೆಗೆದುಕೊಂಡು, ಗಾದಿಯ ಗುಡ್ಡದ ಅಡಿಗೆ ತುರುಕಿದಳು.

"ಹೂಂ ಅನ್ರಿ," ಎಂದಳು. "ಇಷ್ಟು ದಿನಾ ಇಲ್ಲದ ರೋಗ ಹೊತ್ತೀರಿ. ಇನ್ನಷ್ಟು ದಿನಾ ಹೊತ್ರ ಏನು ಸವೀತೀರಿ? ಆದ್ರ ಸಿದ್ಲಿಂಗಣ್ಣಾ, ಹೋದ ಗಿರಾಕಿನ ಹಿಂದಕ ಕರಕೊಂಡ ಬರೋದು ನಿನ್ನ ಕೆಲಸ. ಯಾ ಬಾಯಾಗ ಹೇಳಿದ್ಯೋ ಅದ ಬಾಯಾಗ ಹೇಳು, ಗಾದಿಯಿಂದ ರೋಗ ಹತ್ತಂಗಿಲ್ಲಂತ."

ಸಿದ್ದಲಿಂಗ ಒಪ್ಪಿದ. ಮತ್ತು ಎರಡು ವಾರ ಕಳೆದು ಹೊರಗೆ ಬಂದ ಮೇಲೆ ಮಾತು ನಡೆಸಿದ. ಈ ಸಲ ದನಿ ಸಣ್ಣದು ಮಾಡದೆ, ಗಿರಣಿಯ ಸದ್ದಿಗಿಂತ ಜೋರಾಗಿ ಹೇಳಿದ್ದರಿಂದ ಮಂದಿ ಅಷ್ಟಾಗಿ ನಂಬಲಿಲ್ಲ. ಆದರೂ ಒಬ್ಬೊಬ್ಬರಾಗಿ ಬಂದು ಗಾದಿ ಒಯ್ದರು. ನೆಲದ ಮೇಲೆ ಮಲಗಿ ಬೆನ್ನು ಹಿಡಿದುಕೊಂಡದ್ದೂ ಒಂದು ಕಾರಣ. ಬರುವಾಗ ರೋಗಿಗೆಂದು ಒಬ್ಬರು ತತ್ತಿ, ಒಬ್ಬರು ಹಾಲು, ಒಬ್ಬರು ಒಣ ಖರ್ಜೂರ ತಂದುಕೊಟ್ಟರು. ನಬೀಸಾಬರು ಅದನ್ನೆಲ್ಲ ತಿನ್ನುವಂತಿಲ್ಲ. ಗೋಡೆ ದಾಟಿಸಬೇಕು. ಯಾವ ತತ್ತಿ ಸಣ್ಣದಿತ್ತು, ಯಾವ ಹಾಲಿಗೆ ನೀರು ಹಾಕಿತ್ತು ಎಂದು ಆಚೆಯಿಂದ ತಕರಾರು ಬರುತ್ತಿತ್ತು.

ಈಗ ದಿನಾ ಮುಂಜಾನೆ ಒಂದು ಸಂಗತಿ ನಡೆಯುತ್ತದೆ. ಪುಷ್ಪಾವತಿ ಬಂದು ಗಾದಿ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಾಳೆ. ಸಿದ್ದಲಿಂಗ ಹಿಟ್ಟು ಕೊಡವಿಕೊಂಡು, ಕಾಯಿಲೆಯವನನ್ನು ಮಾತಾಡಿಸಲು ಬಂದ ಹಿರಿಯನ ಠೀವಿಯಲ್ಲಿ ಗಿರಣಿಯಿಂದ ಇಳಿದು ಬರುತ್ತಾನೆ. ಜೋಳದ ಡಬ್ಬಿ ಹಿಡಿದ ಹೆಂಗಸರಿಗೆ ಕೇಳುವ ಹಾಗೆ ಹೇಳುತ್ತಾನೆ:

"ನಬೀ, ಗುಳಿಗಿ ತಪ್ಪಸಬ್ಯಾಡಪಾ. ನಿನ್ನ ಸಲುವಾಗಿ ಅಲ್ಲ, ಮಗಳ ಸಲುವಾಗಿ ನುಂಗು. ಹಟಾ ಮಾಡಬ್ಯಾಡ."

"ನುಂಗತೀನೋ," ಎಂದು ನಬೀಸಾಬರು ಹಲ್ಲು ಕಡಿದು ಹೇಳುತ್ತಾರೆ.

ಇಬ್ಬರೂ ಒಳಗೆ, ಗಾದಿಗಳ ಮರೆಗೆ ಹೋಗುತ್ತಾರೆ. ಅಲ್ಲಿ ನಬೀಸಾಬರು ಲೋಟದಲ್ಲಿ ನೀರು ಕೊಡುತ್ತಾರೆ. ಪುಷ್ಪಾವತಿ ಬಾಗಿಲಿನಿಂದಲೇ ಕಣ್ಣಿಟ್ಟು ನೋಡುತ್ತಾಳೆ. ಸಿದ್ದಲಿಂಗ ಗುಳಿಗೆಗಳನ್ನು ಬಾಯಿಗೆ ಹಾಕಿ, ನೀರು ಕುಡಿದು, ಕಹಿಗೆ ಮುಖ ಕಿವುಚಿ, ಮೀಸೆ ಒರೆಸಿಕೊಂಡು, ಓಣಿಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳುತ್ತಾನೆ:

"ಶಾಬಾಸ್ ನಬೀ! ಇವತ್ತೂ ನುಂಗಿದಿ ನೋಡು!"